ಮನೆ ಹಿಂದಿನ ಆರಡಿ ಸಂದು ಯಾರದ್ದು?

ಮನೆ ಹಿಂದಿನ ಆರಡಿ ಸಂದಿಗೆ ಹಿಂದಿನ ಮನೆಯವರು ಕಾಂಪೌಂಡ್ ಎಳೆದುಕೊಂಡಿದ್ದಾರೆ, ಆ ಜಾಗ ಯಾರದ್ದು ಅಂತ ಕೇಳಿದ್ದೀರಿ. ತುಮಕೂರಿನ ನಿಮ್ಮ ಹಳೆಯ ಬಡಾವಣೆಯಲ್ಲಿ, ಎರಡು ಸಾಲು ಮನೆಗಳ ಬೆನ್ನಿಗೆ ಇರುವ ಆ ಸಂದು ಬಹುಶಃ ಕನ್ಸರ್ವೆನ್ಸಿ ಗಲ್ಲಿ. ಹಿಂದಿನ ಮನೆಯವರು ಕಾಂಪೌಂಡ್ ಎಳೆದುಕೊಂಡ ಮಾತ್ರಕ್ಕೆ ಅದು ಅವರದ್ದಾಗಲ್ಲ. ನಿಮ್ಮದೂ ಅಲ್ಲ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಹಿಂದಿನಿಂದಲೇ ಬಂದು ಹೋಗಲಿ ಅಂತ ಬಡಾವಣೆ ಮಾಡುವಾಗಲೇ ಬಿಡುತ್ತಿದ್ದ ದಾರಿ ಅದು. 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಲ್ಲೂ ಇಂಥ ಗಲ್ಲಿಗಳಿವೆ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ಮಲ ಹೊರಿಸುವುದನ್ನು ನಿಷೇಧಿಸಿದರು. ದಾರಿ ಉಳಿಯಿತು. ಅಷ್ಟು ಜನ ಕಷ್ಟಪಟ್ಟು ನಡೆದ ಜಾಗವನ್ನು ಖಾಲಿ ನೆಲ ಅಂತ ನುಂಗುವುದು ನನಗಂತೂ ಸರಿ ಕಾಣಲ್ಲ.

ಮೊದಲು ಕ್ರಯಪತ್ರದ ಚೆಕ್ಕುಬಂದಿ, ಅಂದರೆ ಸೈಟಿನ ನಾಲ್ಕೂ ಬದಿಗೆ ಏನಿದೆ ಅಂತ ಬರೆದಿರುವ ಭಾಗ ನೋಡಿ. ಹಿಂಬದಿಗೆ 'ಕನ್ಸರ್ವೆನ್ಸಿ' ಅಥವಾ 'ಓಣಿ' ಅಂತಿದ್ದರೆ ಅರ್ಧ ಕೆಲಸ ಮುಗಿಯಿತು. ಅಲ್ಲಿ ನೇರವಾಗಿ ಪಕ್ಕದ ಸೈಟಿನ ನಂಬರ್ ಇದ್ದರೆ ನನ್ನ ಊಹೆ ತಪ್ಪಿರಬಹುದು, ಆಗ ಜಗಳಕ್ಕೆ ಇಳಿಯಬೇಡಿ.

ಆಮೇಲೆ ಮಂಜೂರಾದ ಬಡಾವಣೆ ನಕ್ಷೆ ತೆಗೆಸಿ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಕೇಳಿ, ಸಿಗದಿದ್ದರೆ ಮಹಾನಗರ ಪಾಲಿಕೆಯಲ್ಲಿ. ಬಾಯಿಮಾತಲ್ಲಿ ಕೇಳಿದರೆ ಅಲೆದಾಟ ಜಾಸ್ತಿ. ನಮ್ಮ ಬೀದಿಯ ನಕ್ಷೆ ನನಗೆ ಸಿಕ್ಕಿದ್ದು ಮಾಹಿತಿ ಹಕ್ಕಿನ ಅರ್ಜಿಯಿಂದಲೇ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು.

ನಕ್ಷೆ ಬಂದ ಮೇಲೆ ಟೇಪು ಹಿಡಿದು ಅಳೆದು, ಫೋಟೋ ಸಮೇತ ಪಾಲಿಕೆ ಆಯುಕ್ತರಿಗೆ ದೂರು ಕೊಡಿ. ಸಾರ್ವಜನಿಕ ದಾರಿ ಪಾಲಿಕೆಯ ಸ್ವತ್ತು, ತೆರವು ಮಾಡಿಸುವುದು ಅವರ ಕೆಲಸ. ಗಲ್ಲಿಯಲ್ಲಿ ಒಳಚರಂಡಿ (ಯುಜಿಡಿ) ಪೈಪ್ ಅಥವಾ ಮ್ಯಾನ್‌ಹೋಲ್ ಇದ್ದರೆ ತಪ್ಪದೆ ಬರೆಯಿರಿ. ಸ್ವೀಕೃತಿ ಪಡೆಯದೆ ಬರಬೇಡಿ.