ಲೆನ್ಸ್ ಹಾಕಿಕೊಂಡೇ ಕಣ್ಣಿನ ಪ್ರೆಶರ್ ನೋಡಿದರೆ ಸರಿ ಬರುತ್ತದಾ?

ಪ್ರಶ್ನೆ: ನನಗೆ 27 ವರ್ಷ. ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಸಾಫ್ಟ್ ಲೆನ್ಸ್ ಹಾಕುತ್ತೇನೆ. ಮೊನ್ನೆ ಉಡುಪಿಯ ಒಂದು ಕನ್ನಡಕದ ಅಂಗಡಿಯಲ್ಲಿ ಗಾಳಿ ಊದುವ ಮೆಷಿನ್‌ನಲ್ಲಿ ಲೆನ್ಸ್ ಇದ್ದ ಹಾಗೇ ನೋಡಿ ಪ್ರೆಶರ್ 23 ಅಂದರು. ಹೆದರಿಕೆಯಾಗಿ ಮಂಗಳೂರಿನ ಕಣ್ಣಾಸ್ಪತ್ರೆಗೆ ಹೋದೆ. ಅಲ್ಲಿ ಲೆನ್ಸ್ ತೆಗೆಸಿ, ಡ್ರಾಪ್ಸ್ ಹಾಕಿ, ನೀಲಿ ಲೈಟಿನ ಮೆಷಿನ್‌ನಲ್ಲಿ ನೋಡಿದಾಗ 17 ಬಂತು. ಅಮ್ಮನಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆ. ಯಾವುದನ್ನು ನಂಬಲಿ?
– ಓದುಗಿ, ಮಣಿಪಾಲ

ಉತ್ತರ: 17 ನಂಬಿ. ಅಂಗಡಿಯವರಿಗೆ ಸುಮ್ನೆ ಬೈಯಬೇಡಿ, ಅವರು ನೋಡಿದ್ದಕ್ಕೇ ಅಲ್ವಾ ನೀವು ಡಾಕ್ಟರ ಹತ್ತಿರ ಹೋದದ್ದು.

ಈ ಮೆಷಿನ್‌ಗಳು ಕಣ್ಣಿನ ಒಳಗಿನ ಪ್ರೆಶರನ್ನು ಹೊರಗಿನಿಂದಲೇ ಅಂದಾಜು ಮಾಡುತ್ತವೆ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಅದನ್ನು ಸ್ವಲ್ಪ ಒತ್ತಿ ಚಪ್ಪಟೆ ಮಾಡಲು ಎಷ್ಟು ಬಲ ಬೇಕಾಯಿತು ಅನ್ನುವುದರ ಮೇಲೆ ಲೆಕ್ಕ. ಕಾರ್ನಿಯಾ ಇರುವುದೇ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರ ಮೇಲೆ ಲೆನ್ಸ್ ಕೂತಿದ್ದರೆ ಮೆಷಿನ್ ಎರಡನ್ನೂ ಸೇರಿಸಿ ಒತ್ತಬೇಕು. ದಪ್ಪ ಲೆನ್ಸ್ ಆದರೆ ನಂಬರ್ ಜಾಸ್ತಿ ತೋರಿಸಬಹುದು, ಅದರಲ್ಲೂ ಪ್ಲಸ್ ಪವರಿನದ್ದು, ಯಾಕೆಂದರೆ ಅದು ನಡುವಿನಲ್ಲೇ ದಪ್ಪ.

ಆದರೆ ನಿಮ್ಮದು ಮೈನಸ್. ಮೈನಸ್ ಲೆನ್ಸ್ ನಡುವಿನಲ್ಲಿ ತೆಳು, ಅಂಚಿನಲ್ಲಿ ದಪ್ಪ. ಹಾಗಾಗಿ ಆರು ಪಾಯಿಂಟ್ ವ್ಯತ್ಯಾಸವನ್ನೆಲ್ಲಾ ಲೆನ್ಸಿನ ತಲೆಗೇ ಕಟ್ಟಲು ನನಗೆ ಮನಸ್ಸಿಲ್ಲ. ಟಪ್ ಅಂತ ಗಾಳಿ ಬಡಿಯುತ್ತದೆ ಎಂದು ಗೊತ್ತಿದ್ದವರು ಮೊದಲೇ ಉಸಿರು ಬಿಗಿಹಿಡಿದು ಕಣ್ಣು ಗಟ್ಟಿಯಾಗಿ ಹಿಂಡುತ್ತಾರೆ, ಅಷ್ಟಕ್ಕೇ ನಂಬರ್ ಮೇಲೆ ಹೋಗುತ್ತದೆ. ಅದಕ್ಕೇ ಒಂದೇ ಸಲ ಊದಿ ಬಿಡದೆ ಎರಡು ಮೂರು ಸಲ ನೋಡಿ ಸರಾಸರಿ ತೆಗೆಯುವುದು. ಪ್ರೆಶರ್ ದಿನದಲ್ಲೂ ಏರಿಳಿಯುತ್ತದೆ, ಸುಮಾರು ಜನರಿಗೆ ಬೆಳಿಗ್ಗೆ ಜಾಸ್ತಿ.

ಆಸ್ಪತ್ರೆಯಲ್ಲಿ ನೋಡಿದ್ದು ಗೋಲ್ಡ್‌ಮನ್ ವಿಧಾನ, ಡಾಕ್ಟರುಗಳು ಹೆಚ್ಚಾಗಿ ನಂಬುವುದು ಅದನ್ನೇ. ಅದಕ್ಕೆ ಲೆನ್ಸ್ ತೆಗೆಯಲೇಬೇಕು. ಅವರು ಹಾಕುವ ಹಳದಿ ಬಣ್ಣದ ಡ್ರಾಪ್ಸ್ ಸಾಫ್ಟ್ ಲೆನ್ಸ್‌ಗೆ ಹತ್ತಿಕೊಳ್ಳುತ್ತದೆ. ಡ್ರಾಪ್ಸ್‌ನಿಂದ ಮರವಟ್ಟ ಕಣ್ಣಿಗೆ ಲೆನ್ಸ್ ಹಾಕಿದರೆ ಗೀರಾದರೂ ನಿಮಗೆ ಗೊತ್ತಾಗುವುದಿಲ್ಲ. ಹೋಗುವಾಗಲೇ ಕನ್ನಡಕ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಆ ದಿನ ಅದೇ ಸಾಕು. ಲೆನ್ಸ್ ಡಬ್ಬಿ, ಸೊಲ್ಯೂಷನ್ ಕೂಡ ಇರಲಿ. ಡಬ್ಬಿಗೆ ಅಲ್ಲಿನ ನಲ್ಲಿ ನೀರು, ಮನೆಗೆ ಬಂದ ಮೇಲೆ ಬಾವಿ ನೀರು, ಇವೆರಡೂ ಬೇಡವೇ ಬೇಡ. ರಾತ್ರಿ ಲೆನ್ಸ್ ಹಾಕಿಯೇ ಮಲಗಿದ್ದರೆ ಡಾಕ್ಟರಿಗೆ ಹೇಳಿ, ಕಾರ್ನಿಯಾ ಸ್ವಲ್ಪ ಊದಿಕೊಂಡು ಲೆಕ್ಕ ಏರುಪೇರಾಗುತ್ತದೆ. ಮುಂದೆ ಲೇಸಿಕ್, ಅಂದರೆ ಪವರ್ ತೆಗೆಯುವ ಲೇಸರ್ ಆಪರೇಷನ್, ಮಾಡಿಸಿಕೊಂಡರೆ ಅದನ್ನೂ ಮರೆಯದೆ ಹೇಳಬೇಕು, ಕಾರ್ನಿಯಾ ತೆಳುವಾದವರಿಗೆ ಮೆಷಿನ್ ಕಡಿಮೆ ನಂಬರ್ ತೋರಿಸುತ್ತದೆ.

ಮಾಮೂಲು ಅಂತ ಹೇಳುವುದು 10ರಿಂದ 21. ಆದರೆ 21ರ ಒಳಗೇ ಇದ್ದು ಗ್ಲಾಕೋಮಾ ಆದವರಿದ್ದಾರೆ, ಅದರ ಮೇಲಿದ್ದೂ ಏನೂ ಆಗದವರಿದ್ದಾರೆ. ನಿಮಗೆ ಅಮ್ಮನ ಕಡೆಯಿಂದ ರಿಸ್ಕ್ ಇದೆ, ಮೈನಸ್ ಪವರೂ ಅದಕ್ಕೆ ಸೇರುತ್ತದೆ. ಹಾಗಾಗಿ 17 ಬಂತು ಅಂತ ಖುಷಿಪಟ್ಟು ಸುಮ್ಮನಾಗಬೇಡಿ. ಕಣ್ಣಿನ ನರ ನೋಡಿದರಾ, ಕಾರ್ನಿಯಾದ ದಪ್ಪ ಅಳೆದರಾ ಎಂದು ಕೇಳಿ. ಇಲ್ಲ ಅಂದರೆ ಇನ್ನೊಂದು ಸಲ ಮಂಗಳೂರಿನ ಬಸ್ಸು ಹತ್ತಿ.

ಪ್ರಶ್ನೆ: ಪ್ರೆಶರಿಗೆ ದಿನಾ ಡ್ರಾಪ್ಸ್ ಹಾಕುತ್ತೇನೆ. ಲೆನ್ಸ್ ಮೇಲೇ ಹಾಕಬಹುದಾ?
– ಓದುಗ, ಸುರತ್ಕಲ್

ಉತ್ತರ: ಬೇಡ. ಸುಮಾರು ಡ್ರಾಪ್ಸ್‌ನಲ್ಲಿ ಕೆಡದಂತೆ ಸೇರಿಸುವ ಔಷಧಿಯನ್ನು ಸಾಫ್ಟ್ ಲೆನ್ಸ್ ಹೀರಿಕೊಂಡು ಕಣ್ಣಿಗೆ ಕಿರಿಕಿರಿ ಮಾಡುತ್ತದೆ. ಲೆನ್ಸ್ ತೆಗೆದು ಡ್ರಾಪ್ಸ್ ಹಾಕಿ, ಕನಿಷ್ಠ 15 ನಿಮಿಷ ಬಿಟ್ಟು ಲೆನ್ಸ್ ಹಾಕಿ.