ಮಂಗ ಸತ್ತರೆ ಊರಿಗೇಕೆ ಜ್ವರ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಮಂಗಗಳನ್ನು ಓಡಿಸಿದರೆ ಕಾಯಿಲೆ ಬರುವುದಿಲ್ಲವೆಂದು ಕೆಲವರು ಹೇಳುತ್ತಾರೆ. ಜ್ವರ ಬಂದವರ ಮನೆಗೆ ಹೋಗಲೂ ಅಂಜುತ್ತಾರೆ. ಮಂಗನ ಕಾಯಿಲೆ ನಿಜಕ್ಕೂ ಹೇಗೆ ಹರಡುತ್ತದೆ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಹೆಸರೇ ಜನರ ದಾರಿ ತಪ್ಪಿಸಿದೆ. ಮಂಗವೂ ನಮ್ಮಂತೆಯೇ ಈ ಕಾಯಿಲೆಗೆ ಬಲಿಯಾಗುವ ಪ್ರಾಣಿ. ವೈರಸ್ಸನ್ನು ಹೊತ್ತು ತರುವುದು ಕಾಡಿನ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದಾಗ, ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂಬ ಆತಂಕ ಮೊದಲು ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಕಂಡದ್ದು, ಡೆಂಗಿ ಮತ್ತು ಹಳದಿ ಜ್ವರದ ವೈರಸ್‌ಗಳ ಕುಲಕ್ಕೇ ಸೇರಿದ, ಆದರೆ ಅದುವರೆಗೆ ಯಾರೂ ಗುರುತಿಸದಿದ್ದ ವೈರಸ್.

ಉಣುಗಿನ ಮರಿ ಇಲಿ, ಮೂಗಿಲಿ ಅಥವಾ ಮಂಗದ ರಕ್ತ ಹೀರುವಾಗ ಆ ಪ್ರಾಣಿಗೆ ಸೋಂಕಿದ್ದರೆ ವೈರಸ್ ಉಣುಗಿನ ಮೈ ಸೇರುತ್ತದೆ. ಮರಿ ಪೊರೆ ಕಳಚಿ ಬೆಳೆದರೂ ಅಲ್ಲಿಯೇ ಉಳಿಯುತ್ತದೆ. ಎಳ್ಳುಕಾಳಿನಷ್ಟೇ ದೊಡ್ಡದಾದ, ಬಟ್ಟೆಯ ಮೇಲೆ ಹರಿದರೂ ಕಣ್ಣಿಗೆ ಬೀಳದ ಈ ಎಳೆಯ ಉಣುಗೇ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು. ನವೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಕೊಟ್ಟಿಗೆಗೆ ಹಾಸಲು ನಾವು ದರಗು ಗುಡಿಸುವ ಕಾಲದಲ್ಲಿಯೇ, ಅದರ ಸಂಖ್ಯೆ ಏರಿರುತ್ತದೆ. ಮಂಗ ಸತ್ತಾಗ ಅದರ ಮೈಯಲ್ಲಿದ್ದ ಉಣುಗುಗಳು ತಣ್ಣಗಾದ ದೇಹವನ್ನು ಬಿಟ್ಟು ನೆಲಕ್ಕಿಳಿಯುವುದರಿಂದ ಆ ಜಾಗವೇ ಅಪಾಯದ ತಾಣವಾಗುತ್ತದೆ. ಆದ್ದರಿಂದ ಸತ್ತ ಮಂಗವನ್ನು ಮುಟ್ಟದೆ, ಹೂಳಲೂ ಹೋಗದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಬದುಕಿರುವ ಮಂಗಗಳನ್ನು ಅಟ್ಟಿದರೆ ಉಣುಗುಗಳೂ ಅವುಗಳ ಜೊತೆಗೇ ಇನ್ನೊಂದು ಊರಿನ ಕಾಡು ಸೇರುತ್ತವೆ.

ವೈರಸ್‌ಗೆ ಸ್ವಂತವಾಗಿ ಬೆಳೆಯುವ ಶಕ್ತಿಯಿಲ್ಲ. ಈ ವೈರಸ್ ಎಂದರೆ ತನ್ನನ್ನು ತಯಾರಿಸುವ ಸೂಚನೆಯನ್ನು ಸುಮಾರು 11,000 ಅಕ್ಷರಗಳಲ್ಲಿ ಹೊತ್ತ ಒಂದು ಆರ್‌ಎನ್‌ಎ ಎಳೆ, ಅದರ ಸುತ್ತ ಕೊಬ್ಬು ಮತ್ತು ಪ್ರೋಟೀನಿನ ಹೊದಿಕೆ, ಅಷ್ಟೇ. ನಮ್ಮ ಜೀವಕೋಶ ಅದನ್ನು ಆಹಾರದ ತುಣುಕಿನಂತೆ ಒಂದು ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲೀಯತೆ ಏರಿದೊಡನೆ ವೈರಸ್ಸಿನ ಹೊದಿಕೆ ಚೀಲದ ಗೋಡೆಗೆ ಬೆಸೆದುಕೊಂಡು ಎಳೆಯನ್ನು ಹೊರಗೆ ಬಿಡುತ್ತದೆ. ಆಮೇಲೆ ಕೋಶದ ಯಂತ್ರಗಳೇ ಆ ಬರಹವನ್ನು ಓದಿ ಹೊಸ ವೈರಸ್‌ಗಳ ಭಾಗಗಳನ್ನು ತಯಾರಿಸುತ್ತವೆ. ಬ್ಯಾಕ್ಟೀರಿಯಾದ ಯಂತ್ರಗಳನ್ನು ನಿಲ್ಲಿಸುವ ಆ್ಯಂಟಿಬಯಾಟಿಕ್‌ಗಳು ಇಲ್ಲಿ ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ತೀವ್ರ ಜ್ವರ, ತಲೆನೋವು, ಸೊಂಟ ಮತ್ತು ಕಾಲುಗಳಲ್ಲಿ ಸಹಿಸಲಾಗದ ನೋವು ಬರುತ್ತವೆ. ಕೆಲವರಿಗೆ ಒಸಡು, ಮೂಗುಗಳಲ್ಲಿ ರಕ್ತ ಒಸರುತ್ತದೆ. ಜ್ವರ ಇಳಿದು ಒಂದೆರಡು ವಾರ ನೆಮ್ಮದಿಯಾಗಿದ್ದವರಲ್ಲಿ ಕೆಲವರಿಗೆ ಜ್ವರ ಮರಳಿ ಬಂದು ಮಿದುಳಿಗೂ ತಾಗುವುದರಿಂದ, ವಾಸಿಯಾಯಿತೆಂದು ಬೇಗನೆ ತೋಟಕ್ಕಿಳಿಯಬಾರದು. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಆದರೆ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಜ್ವರ ಬಂದವರ ಮನೆಯವರನ್ನು ದೂರವಿಡುವುದು ಅನ್ಯಾಯ. ಗಂಜಿ ಕೊಡಲು, ಆಸ್ಪತ್ರೆಗೆ ಕರೆದೊಯ್ಯಲು ಅವರಿಗೆ ನೆರೆಯವರು ಬೇಕು.

ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯನ್ನು, ಅದರ ಸಾಮರ್ಥ್ಯ ಕುಂದಿದ್ದರಿಂದ ನಿಲ್ಲಿಸಲಾಗಿದೆ. ಹೀಗಾಗಿ ಕಾಡಿಗೆ ಹೋಗುವ ಮುನ್ನ ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು, ಮರಳಿದ ಕೂಡಲೇ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡುವುದೇ ಸದ್ಯದ ರಕ್ಷಣೆ.

ಪ್ರಶ್ನೆ: ನಮ್ಮ ಹಸುವಿನ ಮೈಮೇಲೆ ಉಣುಗುಗಳಿವೆ. ಹಾಲು ಕುಡಿಯಬಹುದೇ?
– ಅದೇ ಓದುಗರು

ಉತ್ತರ: ಕುದಿಸಿ ಕುಡಿಯಿರಿ, ಹಾಲಿನಿಂದ ಈ ಕಾಯಿಲೆ ಬಂದದ್ದು ಕಂಡಿಲ್ಲ. ಹಸುವಿಗೂ ಕಾಯಿಲೆ ತಾಗುವುದಿಲ್ಲ. ಆದರೆ ಬಲಿತ ಉಣುಗುಗಳಿಗೆ ದನಗಳೇ ಊಟದ ನೆಲೆ. ಅವುಗಳ ರಕ್ತ ಕುಡಿದು ನೆಲಕ್ಕುದುರಿದ ಹೆಣ್ಣು ಉಣುಗು ರಾಶಿರಾಶಿ ಮೊಟ್ಟೆಯಿಡುತ್ತದೆ. ಮೇಯ್ದು ಬಂದ ದನಗಳ ಕಿವಿಯೊಳಗೆ, ಕೆಚ್ಚಲ ಬುಡದಲ್ಲಿ ಪ್ರತಿ ಸಂಜೆ ನೋಡಿ, ಕಂಡ ಉಣುಗನ್ನು ಬರಿಗೈಯಲ್ಲಿ ಹೊಸಕದೆ ಚಿಮಟದಿಂದ ಕಿತ್ತು ಸೋಪಿನ ನೀರಿಗೆ ಹಾಕಿ. ದನಕ್ಕೆ ಹಚ್ಚುವ ಔಷಧಿಯನ್ನು ಪಶುವೈದ್ಯರ ಬಳಿ ಕೇಳಿ ಪಡೆಯಿರಿ.