ಪದಸಂದೇಹ: ಗಾಬ್ಲಿನ್ ಮೋಡ್‌ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ರಜೆಗೆ ಊರಿಗೆ ಬಂದರೆ, ಮಧ್ಯಾಹ್ನ ಹನ್ನೆರಡಾದರೂ ತಲೆ ಬಾಚದೆ ಹಾಸಿಗೆಯಲ್ಲೇ ಕುಳಿತು ಡಬ್ಬಿಯಿಂದ ಚಕ್ಕುಲಿ ತಿನ್ನುತ್ತಿರುತ್ತಾಳೆ. ಕೇಳಿದರೆ, ‘ನಾನೀಗ ಗಾಬ್ಲಿನ್ ಮೋಡ್‌ನಲ್ಲಿದ್ದೀನಮ್ಮ’ ಎನ್ನುತ್ತಾಳೆ. ಹಾಗೆಂದರೇನು? ಇದಕ್ಕೆ ಕನ್ನಡದಲ್ಲಿ ಪದವಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗಾಬ್ಲಿನ್ ಎಂಬುದು ಯುರೋಪಿನ ಜನಪದ ಕತೆಗಳಲ್ಲಿ ಬರುವ, ಕುಳ್ಳಗೆ ವಿಕಾರವಾಗಿರುವ ಕಿಡಿಗೇಡಿ ಜೀವಿ. ನೋಡಿದವರು ಏನೆಂದುಕೊಂಡಾರೋ ಎಂಬ ಅಳುಕಿಲ್ಲದೆ, ಮೈ-ಬಟ್ಟೆಗಳ ಪರಿವೆಯಿಲ್ಲದೆ ತಿಂದುಂಡು ಬಿದ್ದುಕೊಂಡಿರುವುದಕ್ಕೆ ಇಂಗ್ಲಿಷಿನಲ್ಲಿ ಈ ಹೆಸರು ಬಂದಿದೆ. ಟ್ವಿಟರ್‌ನಲ್ಲಿ 2009ರಲ್ಲೇ ಕಾಣಿಸಿಕೊಂಡಿದ್ದ ಈ ನುಡಿಗಟ್ಟು ಎಲ್ಲೆಡೆ ಹಬ್ಬಿದ್ದು 2022ರಲ್ಲಿ. ಕೋವಿಡ್ ನಿರ್ಬಂಧಗಳು ಸಡಿಲಗೊಂಡು, ಮನೆಯ ಉಡುಪಿಗೆ ಒಗ್ಗಿದ್ದ ಜನ ಮತ್ತೆ ಇಸ್ತ್ರಿ ಬಟ್ಟೆ ತೊಡಬೇಕಾಗಿ ಬಂದ ವರ್ಷವದು. ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದದ ಆಯ್ಕೆಯನ್ನು ಮೊದಲ ಬಾರಿಗೆ ಸಾರ್ವಜನಿಕರ ಮತಕ್ಕೆ ಬಿಟ್ಟಾಗ, ಬಿದ್ದ ಮೂರು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಶೇ 93ರಷ್ಟು ಇದಕ್ಕೇ ಸಂದವು. ಕಣದಲ್ಲಿದ್ದ ಇನ್ನೊಂದು ಪದ ‘ಮೆಟಾವರ್ಸ್’ (ಕಂಪ್ಯೂಟರ್ ಸೃಷ್ಟಿಸುವ ಮಿಥ್ಯಾಲೋಕ) ಬಹಳ ಹಿಂದೆ ಉಳಿಯಿತು.

ಇನ್ನು ಕನ್ನಡದ ಮಾತು. ‘ಮೈಗಳ್ಳ’ ಎಂಬುದು ಮೈ ಮತ್ತು ಕಳ್ಳ ಸೇರಿ ಆದದ್ದು, ದುಡಿಯಬೇಕಾದ ಮೈಯನ್ನು ಕದ್ದಿಡುವವನು ಎಂದರ್ಥ. ಕಳ್ಳತನವೆಂದ ಮೇಲೆ ಅಳುಕು ಇದ್ದೇ ಇರುತ್ತದೆ, ಅವನು ಕೆಲಸ ಕಂಡೊಡನೆ ಮರೆಯಾಗುತ್ತಾನೆ. ನಿಮ್ಮ ಮಗಳಾದರೋ ಚಕ್ಕುಲಿ ಡಬ್ಬಿಯೊಡನೆ ಎದುರಿಗೇ ಕುಳಿತಿದ್ದಾಳೆ. ‘ಉಂಡಾಡಿ’ ಉಂಡು ಅಲೆದಾಡುವವನು, ಈ ಮೋಡ್‌ನವರು ಹೊಸ್ತಿಲನ್ನೇ ದಾಟುವುದಿಲ್ಲ. ‘ಸೋಮಾರಿ’ ಹತ್ತಿರ ಬರುತ್ತದೆಯಾದರೂ ಅದು ಇತರರು ಬೈದು ಅಂಟಿಸುವ, ಒಮ್ಮೆ ಅಂಟಿದರೆ ಸುಲಭವಾಗಿ ಬಿಡದ ಹೆಸರು. ‘ಮೋಡ್’ ಎಂಬಲ್ಲಿಯೇ ಇರುವುದು ಸ್ವಾರಸ್ಯ: ಫೋನನ್ನು ಸೈಲೆಂಟ್ ಮೋಡ್‌ಗೆ ಹಾಕಿ ಸೋಮವಾರ ಬೆಳಿಗ್ಗೆ ತೆಗೆಯುವಂತೆ, ತನ್ನ ಬಗ್ಗೆ ತಾನೇ ಹೇಳಿಕೊಂಡು ತಾನೇ ಕೈಬಿಡುವ ಸ್ಥಿತಿಯದು. ಬೈಗುಳಕ್ಕೆ ಮೊದಲೇ ಹೆಸರಿಟ್ಟುಕೊಂಡವರನ್ನು ಬೈಯುವುದು ಕಷ್ಟ, ಅದು ನಿಮ್ಮ ಅನುಭವಕ್ಕೂ ಬಂದಿರಬೇಕು.

ಪದ ಬೇಕೇ ಬೇಕೆಂದರೆ ‘ಕುಂಭಕರ್ಣಾವಸ್ಥೆ’ ಎನ್ನಬಹುದು. ಸ್ಥಿತಿ ಎಂಬ ಅರ್ಥವೂ, ‘ಇದೇನು ನಿನ್ನ ಅವಸ್ಥೆ!’ ಎಂಬ ತಾಯಂದಿರ ಉದ್ಗಾರವೂ ಅದರಲ್ಲಿ ಒಟ್ಟಿಗೆ ಸಿಗುತ್ತವೆ. ಕುಂಭಕರ್ಣ ನಿದ್ದೆಗೆ ಹೆಸರಾದವನು, ನಿಮ್ಮ ಮಗಳು ಎಚ್ಚರವಾಗಿಯೇ ಇದ್ದಾಳೆ ಎಂಬುದೊಂದೇ ಇದರ ಕೊರತೆ.